ದೋಣಿಗೆ ಜೋಡೆತ್ತು ಹೂಡುವ ಚನ್ನವ್ವ

ಹೋದ ಡಿಸೆಂಬರ್ ಒಂಬತ್ತರಂದು ಮುಂಬೈ ಬಂದರಿನ ಬದಿಯ ಒಂದು ದೋಣಿ ಕಂಪನಿಯಲ್ಲಿ, ಎಂಬತ್ತು ಮರದ ಪಟ್ಟಿಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದ ಹೆಸರುಗಳನ್ನು ಒದ್ದೆ ಬಟ್ಟೆಯಿಂದ ಒರೆಸಿದರು. ಬರೆದವರನ್ನು ಕೇಳಲಿಲ್ಲ. ಆ ಪಟ್ಟಿಗಳಿಂದ ಕಟ್ಟಿದ ಹಾಯಿದೋಣಿ ಜನವರಿಯಲ್ಲಿ ನೀರಿಗಿಳಿದು ಎಡಕ್ಕೆ ತಿರುಗಿತು. ಫೆಬ್ರವರಿಯಲ್ಲಿ ತಪ್ಪೊಪ್ಪಿಗೆಯ ಪತ್ರ ಟೈಪಾಯಿತು. ಸಹಿಯ ಗೆರೆಯ ಕೆಳಗೆ ಇರುವುದು ಒರೆಸಿದವರ ಹೆಸರಲ್ಲ, ಬರೆದವರದು.

ಈಗ ಬೆಳಗಿನ ಐದೂವರೆ. ಧಾರಾವಿಯ ಗಲ್ಲಿಗೆ ನಲ್ಲಿ ನೀರು ಬಂದಿದೆ. ಕೊಡಗಳ ಸದ್ದಿಗೆ ಇಡೀ ಸಾಲು ಎದ್ದು ಕೂತಿದೆ. ತಗಡಿನ ಶೆಡ್ಡಿನೊಳಗೆ ಚನ್ನವ್ವ ಹದಿನಾರು ಅಡಿ ಉದ್ದದ ಹಲಗೆಯ ಒಂದು ತುದಿಗೆ ಕಿವಿ ಹಚ್ಚಿ ಕುಕ್ಕರುಗಾಲಲ್ಲಿ ಕೂತಿದ್ದಾರೆ. ಇನ್ನೊಂದು ತುದಿಯಲ್ಲಿ ಪಕ್ಕದ ಮನೆಯ ಶಿವಕುಮಾರಿ. ಅವರ ಒಂದು ಕೈಯಲ್ಲಿ ಕೊಡ, ಇನ್ನೊಂದು ಕೈಯ ಗೆಣ್ಣು ಹಲಗೆಯ ಮೇಲೆ.

“ಇನ್ನೊಮ್ಮೆ ಬಡಿ.”

“ನೀರು ಹೋಗ್ತಾವ ಚನ್ನಕ್ಕ.”

“ನೀರು ನಾಳೆ ಬರ್ತಾವ. ಇಂಥಾ ಹಲಗಿ ಬರಂಗಿಲ್ಲ. ಬಡಿ.”

ಶಿವಕುಮಾರಿ ಬಡಿಯುತ್ತಾರೆ. ಚನ್ನವ್ವ ಕಣ್ಣು ಮುಚ್ಚಿ ಕೇಳುತ್ತಾರೆ, ಎದ್ದು ಹಲಗೆಯ ಮೇಲೆ ಸುಣ್ಣದಲ್ಲಿ ಕತ್ತರಿ ಗುರುತು ಹಾಕುತ್ತಾರೆ. “ಒಳಗ ಗಂಟೈತಿ. ಸಪ್ಪಳ ನಡುವ ಬಂದು ತಡವರಿಸತೈತಿ, ಹೆಣ್ಣು ನೋಡಾಕ ಬಂದವನಂಗ.” ಹೊರಗೆ ನೋಡಿದರೆ ಹಾಲುಗೆನ್ನೆಯ ಹಲಗೆ. ಆದರೆ ತೀರ್ಪು ಬಿದ್ದಾಯಿತು. ಇನ್ನು ಅದು ಯಾರದೋ ಮನೆಯ ಅಟ್ಟವಾಗಬಹುದು, ದೋಣಿಯಾಗುವುದಿಲ್ಲ.

ಇಲ್ಲಿ ಸೀಳಿದ ಮರದಿಂದ ಆಗುವುದು ಮೀನು ಹಿಡಿಯುವ ದೋಣಿಯಲ್ಲ. ಭಾನುವಾರ ಮಧ್ಯಾಹ್ನ ಗಾಳಿಯ ಜೊತೆ ಆಡಲು ಪುರುಸೊತ್ತಿರುವವರ ಪಂದ್ಯದ ದೋಣಿ. ಹದಿನಾಲ್ಕು ಅಡಿ ಉದ್ದ. ಮೈಯ ದಪ್ಪ ಆರು ಮಿಲಿಮೀಟರು. ಚನ್ನವ್ವನ ಅಳತೆಯಲ್ಲಿ ಎರಡು ಖಡಕ್ ರೊಟ್ಟಿ. ಎಂಬತ್ತು ಪಟ್ಟಿ ಸೇರಿ ಹತ್ತೊಂಬತ್ತು ಕಿಲೋ ದಾಟಬಾರದು. ಮರ ಭಾರವಾದರೆ ದೋಣಿ ಹಿಂದೆ ಬೀಳುತ್ತದೆ, ತೀರ ಹಗುರವಾದರೆ ಮೊದಲ ಅಲೆಗೇ ಬಿರಿಯುತ್ತದೆ. ಈ ಎರಡರ ನಡುವಿನ ಕೂದಲೆಳೆಯ ಜಾಗದಲ್ಲಿ ಐವತ್ತೆಂಟು ವರ್ಷದ ಚನ್ನವ್ವ ಹನ್ನೊಂದು ವರ್ಷದಿಂದ ಕೂತಿದ್ದಾರೆ. ಅವರಿಗೆ ಈಜು ಬರುವುದಿಲ್ಲ. ದೋಣಿ ಹತ್ತಿಲ್ಲ. “ಅಷ್ಟ್ ನೀರು ಸುಮ್ಮನ ಬಿಟ್ಟಾರಲ್ರಿ, ಕೀಲಿನೂ ಹಾಕಿಲ್ಲ,” ಎನ್ನುವುದು ಸಮುದ್ರದ ಬಗ್ಗೆ ಅವರ ಒಟ್ಟು ಅಭಿಪ್ರಾಯ.

ಇವತ್ತು ಹನ್ನೊಂದು ಗಂಟೆಗೆ ಕಂಪನಿಯ ಮ್ಯಾನೇಜರ್ ಸೋಮನಾಥ ಆ ಪತ್ರ ಹಿಡಿದು ಬರುತ್ತಾರೆ. ‘ಪಟ್ಟಿ ಸೀಳುವಾಗ ನನ್ನಿಂದ ದೋಷವಾಗಿದೆ’ ಎಂದು ಚನ್ನವ್ವ ಸಹಿ ಹಾಕಿದರೆ ಮುಂದಿನ ಮೂರು ದೋಣಿಗಳ ಮರ ಇದೇ ಶೆಡ್ಡಿಗೆ ಬರುತ್ತದೆ. ಹಾಕದಿದ್ದರೆ ಭಿವಂಡಿಯ ಮರ ಸೀಳುವ ಯಂತ್ರಕ್ಕೆ ಹೋಗುತ್ತದೆ, ಶೆಡ್ಡಿಗೆ ಬೀಗ ಬೀಳುತ್ತದೆ. ಕಂಪನಿಯ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಅವರು ಹನ್ನೊಂದು ವರ್ಷದಲ್ಲಿ ಚನ್ನವ್ವನ ಹೆಸರನ್ನು ಎಲ್ಲೂ ಬರೆದಿಲ್ಲ, ಈ ಪತ್ರವೊಂದನ್ನು ಬಿಟ್ಟು. ಅವರ ಬಣ್ಣದ ಪುಸ್ತಿಕೆಯಲ್ಲಿ ‘ಸ್ಕ್ಯಾಂಡಿನೇವಿಯಾದ ಕುಶಲತೆ’ ಎಂದಿದೆ.

“ಆ ಸ್ಕ್ಯಾಂಡಿನೇವಿಯಾ ಧಾರಾವಿಯ ಯಾವ ಗಲ್ಲಿಯಲ್ಲಿ ಉಂಟು ಮಾರಾಯ್ರೆ?” ಎಂದು ಕೇಳುವವರು ಧನರಾಜ್. ಮಲ್ಪೆಯ ಕಡೆಯವರು, ಅಜ್ಜನ ಕಾಲದಿಂದ ದೋಣಿ ಕಟ್ಟುವ ಮನೆತನ. ಕಂಪನಿಯಲ್ಲಿ ಅಚ್ಚಿನ ಮೇಲೆ ಪಟ್ಟಿ ಜೋಡಿಸಿ ಅಂಟಿಸುವ ಮೇಸ್ತ್ರಿ ಅವರೇ. ಚನ್ನವ್ವನನ್ನು ಕಂಡುಹಿಡಿದವರೂ ಅವರೇ. ಚನ್ನವ್ವನ ಪ್ರಕಾರ ಇದು ಉಲ್ಟಾ. ಧನರಾಜನನ್ನು ಕಂಡುಹಿಡಿದದ್ದು ತಾನು.

ಚನ್ನವ್ವ ಹುಟ್ಟಿದ್ದು ವಿಜಯಪುರ ಜಿಲ್ಲೆಯ ಇಂಡಿ ಪಟ್ಟಣದ ಹತ್ತಿರ, ಸಮುದ್ರಕ್ಕೆ ಆದಷ್ಟು ದೂರ. ಅಪ್ಪ ದನದ ಸಂತೆಯಲ್ಲಿ ಎತ್ತಿಗೆ ಜೋಡಿ ಕೂಡಿಸುವವರು. ಒಂಟಿ ಎತ್ತು ಉಳಿದವರು ಹುಡುಕಿಕೊಂಡು ಬರುತ್ತಿದ್ದರು. ಅವರು ಎತ್ತಿನ ನಡೆ ನೋಡಿ, ಉಸಿರು ಕೇಳಿ, ಸಂತೆಯ ಸಾವಿರ ಎತ್ತಿನಲ್ಲಿ ಅದಕ್ಕೆ ಸರಿಯಾದ ಇನ್ನೊಂದನ್ನು ತೋರಿಸುತ್ತಿದ್ದರು. ಅವರ ಮನೆಯಲ್ಲಿ ಎತ್ತಿರಲಿಲ್ಲ. ಎತ್ತು ಕೊಂಡವರ ಅಂಗಳದಲ್ಲಿ ಅವರಿಗೆ ಕೂರಲು ಕಟ್ಟೆಯೂ ಇರಲಿಲ್ಲ. ನಿಂತೇ ತೀರ್ಪು ಕೊಟ್ಟು ಬರುತ್ತಿದ್ದರು. ಎತ್ತಿಲ್ಲದವನಿಗೆ ಎತ್ತಿನ ವಿದ್ಯೆ, ದೋಣಿ ಹತ್ತದವಳಿಗೆ ದೋಣಿಯ ವಿದ್ಯೆ. ಈ ದೇಶದಲ್ಲಿ ವಿದ್ಯೆ ಒಬ್ಬರ ಮನೆಯಲ್ಲಿ, ವಸ್ತು ಇನ್ನೊಬ್ಬರ ಮನೆಯಲ್ಲಿ ಇಡುವ ಏರ್ಪಾಡು ಬಹಳ ಹಳೆಯದು.

ಮದುವೆಯಾಗಿ ಧಾರಾವಿಗೆ ಬಂದಾಗ ಗಂಡ ಬಸವಂತಪ್ಪ ಪ್ಯಾಕಿಂಗ್ ಪೆಟ್ಟಿಗೆ ಒಡೆಯುವ ಕೆಲಸದಲ್ಲಿದ್ದರು. ಜಗತ್ತಿನ ಯಂತ್ರಗಳೆಲ್ಲ ಮುಂಬೈಗೆ ಮರದ ಪೆಟ್ಟಿಗೆಯಲ್ಲಿ ಬರುತ್ತವೆ. ಯಂತ್ರ ಎಲ್ಲಿಗೋ ಹೋಗುತ್ತದೆ, ಪೆಟ್ಟಿಗೆ ಧಾರಾವಿಗೆ. ಚನ್ನವ್ವ ದಿನಕ್ಕೆ ನಾನೂರು ಮೊಳೆ ಕೀಳುತ್ತ ಪ್ರಪಂಚ ಕಲಿತರು. “ಜಪಾನದ ಪೆಟಗಿ ಭಾಳ ಶಿಸ್ತರಿ. ಮೊಳಿ ನೆಟ್ಟಗ ಹೊಡೆದಿರ್ತಾರ, ನೆಟ್ಟಗ ಬರ್ತಾವ. ನಮ್ಮವರು ಒಂದು ಮೊಳಿ ಸಾಕಾಗೋ ಕಡೆ ಐದು ಹೊಡೀತಾರ, ಮ್ಯಾಲ ಅರಿಶಿನ ಕುಂಕುಮ ಹಚ್ಚತಾರ.” ಮೂಗಿನಿಂದ ಮರ ಗುರುತಿಸುವುದು, ಉಗುರಿನಿಂದ ಮೆದುತನ ನೋಡುವುದು, ಬೆರಳ ಮೇಲೆ ತೂಗಿ ನೋಡುವುದು ಎಲ್ಲ ಅಲ್ಲೇ ಬಂದದ್ದು. ಮರದ ಪುಡಿ ಕುಡಿದು ಕುಡಿದು ಬಸವಂತಪ್ಪ ಹದಿಮೂರು ವರ್ಷದ ಕೆಳಗೆ ತೀರಿಕೊಂಡರು. ಡಾಕ್ಟರು ಆಸ್ತಮಾ ಎಂದು ಬರೆದರು. ಮಾಲೀಕ ಏನನ್ನೂ ಬರೆಯಲಿಲ್ಲ. ಚನ್ನವ್ವ ಗರಗಸಕ್ಕೆ ಕೂತರು. ಈಗ ಅವರ ಕೈಗಳಲ್ಲಿ ಒಂಬತ್ತೂವರೆ ಬೆರಳಿವೆ. “ಅರ್ಧ ಗರಗಸಕ್ಕ ನೈವೇದ್ಯ. ಅದಕ್ಕೂ ಹಸಿವಿರ್ತೈತಿ,” ಎನ್ನುತ್ತಾರೆ. ಅಂದಿನಿಂದ ಪಟ್ಟಿಯನ್ನು ಕೈಯಿಂದ ತಳ್ಳುವುದಿಲ್ಲ. ಹಳೆಯ ಲಟ್ಟಣಿಗೆಯೊಂದು ಆ ಕೆಲಸ ಮಾಡುತ್ತದೆ.

ಅಚ್ಚಿಗೆ ಹಳೆ ಪೆಟ್ಟಿಗೆ ಮರ ಕೊಳ್ಳಲು ಧನರಾಜ್ ಬಂದ ದಿನ, ಅವರ ಟೆಂಪೋದಲ್ಲಿ ದೋಣಿಯ ಹಲಗೆಗಳಿದ್ದವು. ಚನ್ನವ್ವ ಕೇಳದೆಯೇ ಹತ್ತಿ ಬಡಿದು ನೋಡಿ, “ಇದು ಕೋಣ. ಓಡು ಅಂದ್ರ ಓಡಂಗಿಲ್ಲ,” ಎಂದರಂತೆ.

“ಹೆಬ್ಬಲಸು ಅದು. ನಮ್ಮ ಅಜ್ಜ ಅದರಲ್ಲೇ ಕಟ್ಟಿದ್ದು ಗೊತ್ತುಂಟಾ?” ಎಂದು ಧನರಾಜ್ ರೇಗಿದ್ದರು.

“ನಿಮ್ಮಜ್ಜ ಮೀನು ಹೇರ್ತಿದ್ದ. ಇವರು ಏನು ಹೇರ್ತಾರ? ಕೂಲಿಂಗ್ ಗ್ಲಾಸು. ಅದಕ್ಕ ಕೋಣ ಯಾಕ?”

ಅಂದಿನಿಂದ ಮರ ಆರಿಸುವುದು ಚನ್ನವ್ವ. ಕಂಪನಿ ಹೊರದೇಶದಿಂದ ತರಿಸುವ ಕೆಂಪು ಸೀಡರು ಅವರ ಲೆಕ್ಕದಲ್ಲಿ ಹೋರಿ: ಹಗುರ, ಚುರುಕು, ಆದರೆ ಸೂಕ್ಷ್ಮ. ನಮ್ಮ ತೋಟಗಳಲ್ಲೇ ಬೆಳೆಯುವ ಹೆಬ್ಬೇವು ಕರು: ಇನ್ನೂ ಕಲಿಯಬೇಕು, ಕಲಿಸಿದರೆ ಕಲಿಯುತ್ತದೆ. ದೋಣಿಯ ತಳಕ್ಕೆ ಸೀಡರು, ನೀರು ಹೆಚ್ಚು ಬಡಿಯದ ಮೇಲಿನ ಸಾಲಿಗೆ ಹೆಬ್ಬೇವು. ಹಲಗೆಯ ತುದಿಯಲ್ಲಿ ಕಾಣುವ ಗೆರೆಗಳು ಕಂಬದಂತೆ ನಿಂತಿರಬೇಕು, ಮಲಗಿರಬಾರದು. “ನಿಂತ ಗೆರಿ ಕಡೀತನಕ ನಿಂತಿರ್ತೈತಿ. ಮಲಗಿದ ಗೆರಿ ಮಳಿಗಾಲದಾಗ ಎದ್ದು ಕುಂಡ್ರತೈತಿ.” ಗರಗಸದ ಬಾಯಿ ತೆಳ್ಳಗಿರಬೇಕು, ದಪ್ಪ ಬಾಯಿಯದಾದರೆ ಮೂರು ಪಟ್ಟಿ ಸೀಳುವಷ್ಟರಲ್ಲಿ ನಾಲ್ಕನೆಯದು ಪುಡಿಯಾಗಿ ನೆಲದಲ್ಲಿರುತ್ತದೆ. ಸೀಳಿದ ಮೇಲೆ ಒಂದು ಅಂಚನ್ನು ಉಬ್ಬಿಸಬೇಕು, ಇನ್ನೊಂದು ಅಂಚಿಗೆ ಕಾಲುವೆ ತೋಡಬೇಕು. ಆಗ ಒಂದರ ಉಬ್ಬು ಇನ್ನೊಂದರ ಕಾಲುವೆಯಲ್ಲಿ ಕೂತು, ದೋಣಿ ಬಾಗಿದ ಕಡೆಯೂ ಸಂದು ಬಾಯಿ ಬಿಡುವುದಿಲ್ಲ. ಉಬ್ಬು ಮೊದಲು, ಕಾಲುವೆ ಆಮೇಲೆ. ಕಾಲುವೆಯ ತುಟಿ ಎಷ್ಟು ತೆಳ್ಳಗೆಂದರೆ ಎರಡನೇ ಸಲ ಯಂತ್ರಕ್ಕೆ ಕೊಟ್ಟರೆ ಒಡೆಯುತ್ತದೆ. ದಿನಕ್ಕೆ ಹದಿನಾರು ಪಟ್ಟಿ, ಎರಡು ಗೋಣಿ ಪುಡಿ, ಏಳು ಚಹಾ, ಶಿವಕುಮಾರಿಯೊಡನೆ ಒಂದು ಜಗಳ. ಇಷ್ಟು ನಿತ್ಯದ್ದು.

ಜಗಳಕ್ಕೆ ಕಾರಣವಿದೆ. ಗಲ್ಲಿಯ ತಿರುವಿನಲ್ಲಿ ಹದಿನಾರು ಅಡಿಯ ಹಲಗೆ ತಿರುಗುವುದಿಲ್ಲ. ಹಾಗಾಗಿ ಅದು ಶಿವಕುಮಾರಿಯ ಮನೆಯ ಕಿಟಕಿಯಲ್ಲಿ ನುಗ್ಗಿ, ಒಲೆಯ ಪಕ್ಕ ಹಾದು, ಬಾಗಿಲಲ್ಲಿ ಹೊರಬರುತ್ತದೆ. ಹನ್ನೊಂದು ವರ್ಷದಿಂದ ಆ ಮನೆಯವರು ಹಲಗೆ ಹಾಯುವಾಗ ತಲೆ ಬಗ್ಗಿಸಿ ಊಟ ಮಾಡುವುದನ್ನು ಕಲಿತಿದ್ದಾರೆ. ಮುಂಬೈಯ ಶ್ರೀಮಂತರ ಪ್ರತಿಯೊಂದು ಹಾಯಿದೋಣಿಯೂ ಹೀಗೆ ಒಮ್ಮೆ ಶಿವಕುಮಾರಿಯ ಸಾರಿನ ಪಾತ್ರೆಯ ಮೇಲೆ ತೇಲಿಯೇ ಸಮುದ್ರ ಸೇರಿದೆ.

ಶೆಡ್ಡಿನಿಂದ ಪಟ್ಟಿಗಳು ಕೈಗಾಡಿಯಲ್ಲಿ ಮಾಟುಂಗಕ್ಕೆ. ಸೀಳಿದ ಪಟ್ಟಿ ಒಣಗಬೇಕು, ಧಾರಾವಿಯಲ್ಲಿ ಒಣಗಿದ ಗಾಳಿ ಎಂಬುದಿಲ್ಲ. ಮೊದಲ ವರ್ಷ ಚನ್ನವ್ವ ಉಡುಪಿ ಹೋಟೆಲೊಂದರ ಅಡುಗೆಮನೆಯ ಅಟ್ಟ ಹಿಡಿದಿದ್ದರು. ಬಿಸಿ ಇದೆ, ಬೇರೇನು ಬೇಕು? ಕೆಳಗೆ ಇಡ್ಲಿ ಬೇಯುತ್ತಿತ್ತು. ಹದಿನೈದು ದಿನಕ್ಕೆ ಪಟ್ಟಿಗಳೂ ಇಡ್ಲಿಯಂತೆ ಉಬ್ಬಿದವು. “ಬೆಂಕಿ ನೋಡಿದೆ, ಉಗಿ ನೋಡಲಿಲ್ಲ. ಅಪ್ಪ ಇದ್ದಿದ್ರ ಬಾರುಕೋಲು ತಗೋತಿದ್ದ,” ಎಂದು ಈಗಲೂ ನಾಚುತ್ತಾರೆ. ಎರಡನೇ ವರ್ಷದಿಂದ ಎರಡು ಬೀದಿಯಾಚೆ, ಪ್ರಣೀತಾಳ ಕಾಫಿಪುಡಿ ಅಂಗಡಿಯ ಅಟ್ಟ. ಕೆಳಗೆ ಬೀಜ ಹುರಿಯುವ ಯಂತ್ರ, ಮೇಲೆ ಮರ. ಮಳೆಗಾಲದಲ್ಲೂ ಗರಿಗರಿ.

“ಆಂಟಿ ಮೊದಲ ದಿನ ಬಂದು ಕೇಳಿದ್ದು, ‘ಇಲ್ಲಿ ಇಡ್ಲಿ ಮಾಡ್ತೀರೇನು’ ಅಂತ,” ಎನ್ನುತ್ತಾರೆ ಪ್ರಣೀತಾ. “ನಾನು ಬೋಲಿ, ನಹೀಂ ಆಂಟಿ, ಓನ್ಲಿ ಕಾಫಿ. ಅವರು ಏಕ್‌ದಂ ಖುಷ್. ಈಗ ಬೋಟ್‌ವಾಲೇ ಲೋಗ್ ಕಂಪ್ಲೇಂಟ್ ಮಾಡ್ತಾರೆ, ಬೋಟ್‌ನಲ್ಲಿ ಕೂತರೆ ಕಾಫಿ ಕುಡಿಬೇಕು ಅನಿಸ್ತದೆ ಅಂತ. ನಾನೇನು ಮಾಡ್ಲಿ?” ಪ್ರತಿ ಪಟ್ಟಿಯನ್ನೂ ಚನ್ನವ್ವ ತೂಗುವುದು ಇದೇ ಅಂಗಡಿಯ ಹಳೆಯ ಡಿಜಿಟಲ್ ತಕ್ಕಡಿಯಲ್ಲಿ. ಅದು ಈಗ ಶೆಡ್ಡಿಗೇ ಬಂದಿದೆ, ಮೂಲೆಗಳಲ್ಲಿ ಇನ್ನೂ ಪುಡಿ ಉದುರಿಸುತ್ತದೆ.

ತೂಗಿದ ಮೇಲೆ ಬರುವುದು ಜೋಡಿ. ಒಂದೇ ಹಲಗೆಯಿಂದ ಅಕ್ಕಪಕ್ಕ ಸೀಳಿದ ಎರಡು ಪಟ್ಟಿಗಳು ಪುಸ್ತಕದ ಎರಡು ಪುಟಗಳಂತೆ ಬಿಚ್ಚಿಕೊಳ್ಳುತ್ತವೆ. ಒಂದು ಎಡಕ್ಕೆ ಸೆಳೆಯುತ್ತದೆ, ಇನ್ನೊಂದು ಬಲಕ್ಕೆ. ದೋಣಿಯ ಎರಡು ಪಕ್ಕೆಗಳಲ್ಲಿ ಎದುರುಬದುರಾಗಿ ಹಾಕಿದರೆ ಒಂದರ ಹಟವನ್ನು ಇನ್ನೊಂದು ಹಿಡಿದು ದೋಣಿ ನೆಟ್ಟಗಿರುತ್ತದೆ. “ಎಡಗೋಲಿಗೆ ಪಳಗಿದ ಎತ್ತು ಬಲಗೋಲಿಗೆ ಹೂಡಿದ್ರ ಗಾಡಿ ಗಟಾರಕ್ಕ. ಇದೂ ಅಷ್ಟ.” ಯಾವುದು ಯಾವುದರ ಜೋಡಿ ಎಂದು ಗುರುತಿಡಲು ಚನ್ನವ್ವ ಸಂಖ್ಯೆ ಬರೆಯುವುದಿಲ್ಲ. ಎತ್ತಿಗೆ ಯಾರಾದರೂ ನಂಬರ್ ಇಡುತ್ತಾರೆಯೇ? ಹೆಸರಿಡುತ್ತಾರೆ. ಗಲ್ಲಿಯ ಹೆಣ್ಣುಮಕ್ಕಳ ಭಾನುವಾರದ ಓದಿನ ಕೂಟದಲ್ಲಿ ನಲವತ್ತನೇ ವಯಸ್ಸಿನಲ್ಲಿ ಅಕ್ಷರ ಕಲಿತವರು ಅವರು. ಕಲಿತದ್ದನ್ನು ಸುಮ್ಮನೆ ಬಿಡುವುದುಂಟೇ? ‘ಎಡ ಕಾಶಿನಾಥ, ಬಲ ಕಾಶಿನಾಥ’, ‘ಎಡ ಸಾಯಬಣ್ಣ, ಬಲ ಸಾಯಬಣ್ಣ’. ಒಂದು ದೋಣಿಗೆ ನಲವತ್ತು ಹೆಸರು, ಎಲ್ಲ ಗಲ್ಲಿಯವರದೇ, ಸ್ವಭಾವ ನೋಡಿ. ಕಾಶಿನಾಥನ ಪಟ್ಟಿ ಮೊದಲು ನೆಟ್ಟಗಿದ್ದು ತುದಿಯಲ್ಲಿ ಬಾಗುತ್ತದೆ. ಯಾಕೆಂದು ಕಾಶಿನಾಥನ ಹೆಂಡತಿ ಕೇಳಿಲ್ಲ, ಅವರಿಗೆ ಗೊತ್ತು.

ಹೆಸರಿನಿಂದ ರಾಜಕೀಯವೂ ಹುಟ್ಟಿದೆ. “ನನ್ನ ಹೆಸರು ನೀರಿನ ಕೆಳಗ ಹಾಕಿದ್ಲು. ಕಾಶಿನಾಥನ ಹೆಂಡತಿ ಮ್ಯಾಲ ಗಾಳಿ ತಗೊಂತ ಕುಂತಾಳ. ಹಲಗಿ ಯಾರ ಕಿಟಕ್ಯಾಗ ಹಾಯ್ತಾವ?” ಎಂದು ಶಿವಕುಮಾರಿ ಮೂರು ದಿನ ಕಿಟಕಿ ಮುಚ್ಚಿದ್ದರು. ಮುಂದಿನ ದೋಣಿಯಿಂದ ಅವರಿಗೆ ಮೇಲಿನ ಸಾಲಿನಲ್ಲಿ ಕಾಯಂ ಸೀಟು. ಕಿಟಕಿ ತೆರೆಯಿತು.

ಧನರಾಜ್ ಈ ಹೆಸರುಗಳನ್ನು ಓದಿಯೇ ಜೋಡಿಸುತ್ತಾರೆ. ಅಂಟು ಒಣಗಿದ ಮೇಲೆ ಉಜ್ಜಿ ನಯ ಮಾಡುವಾಗ ಹೆಸರುಗಳು ತಾವಾಗಿಯೇ ಹೋಗುತ್ತವೆ. ಡಿಸೆಂಬರ್ ಒಂಬತ್ತರಂದು ಅವರು ತಂಗಿಯ ಮಗಳ ಮದುವೆಗೆ ಊರಿಗೆ ಹೋಗಿದ್ದರು. ಆ ದಿನ ಕಂಪನಿಗೆ ಫೋಟೋ ತೆಗೆಯುವವರು ಬರುವುದಿತ್ತು. ಸ್ಕ್ಯಾಂಡಿನೇವಿಯಾದ ಕುಶಲತೆಯ ಮೇಲೆ ‘ಎಡ ಸಾಯಬಣ್ಣ’ ಎಂದು ಕನ್ನಡದಲ್ಲಿ ಬರೆದಿದ್ದರೆ ಚಿತ್ರ ಚೆನ್ನಾಗಿ ಬರುವುದಿಲ್ಲವೆಂದು ಮೇಲಿನ ಸಾಹೇಬರಿಗೆ ಅನಿಸಿತು. ಒರೆಸಲು ಹೇಳಿದರು. ಒರೆಸಿದರು. ಮರುದಿನ ಬೇರೆ ಕೆಲಸಗಾರರು ಕೈಗೆ ಸಿಕ್ಕಿದ್ದನ್ನು ಸಿಕ್ಕಲ್ಲಿ ಹಾಕಿ ಅಂಟಿಸಿದರು.

ಜನವರಿಯಲ್ಲಿ ನೀರಿಗೆ ಬಿಟ್ಟಾಗ ದೋಣಿಯ ಎಡಪಕ್ಕೆ ಎರಡೂವರೆ ಕಿಲೋ ಹೆಚ್ಚು ತೂಗುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಪಟ್ಟಿಗಳ ಸೆಳೆತಕ್ಕೆ ಇಡೀ ಮೈ ಬಾಳಕದ ಮೆಣಸಿನಕಾಯಿಯಂತೆ ತಿರುಚಿಕೊಂಡಿತ್ತು. ಕೊಂಡವರು ಚುಕ್ಕಾಣಿ ಎತ್ತ ಹಿಡಿದರೂ ಅದು ಎಡಕ್ಕೆ ತಿರುಗಿ, ದೊಡ್ಡ ಸುತ್ತು ಹೊಡೆದು, ಹೊರಟ ಜೆಟ್ಟಿಗೇ ಬಂದು ನಿಂತಿತು. ನಾಲ್ಕು ಸಲ. “ಐದನೇ ಸಲ ಅವರು ಇಳಿದು ಟ್ಯಾಕ್ಸಿ ಹಿಡಿದ್ರು ಮಾರಾಯ್ರೆ,” ಎನ್ನುತ್ತಾರೆ ಧನರಾಜ್. “ದೋಣಿಗೆ ಬುದ್ಧಿ ಉಂಟು. ಒರೆಸಿದವರನ್ನು ಹುಡುಕಿಕೊಂಡು ಬರ್ತಾ ಇತ್ತು.” ಶ್ರೀಮಂತರ ವಸ್ತುವೊಂದು ತಾನಾಗಿ ಎಡಕ್ಕೆ ವಾಲಿದ್ದು ಈ ನಗರದಲ್ಲಿ ಇದೇ ಮೊದಲಿರಬೇಕು. ಕಂಪನಿಯ ವಿಚಾರಣೆ ಹತ್ತು ನಿಮಿಷ ನಡೆಯಿತು. ಧನರಾಜ್ ನಡೆದದ್ದನ್ನು ನಡೆದಂತೆ ಹೇಳಿದರು. ವರದಿಯಲ್ಲಿ ‘ಮರ ಸೀಳಿದ ಕಡೆ ದೋಷ’ ಎಂದು ಬಂತು.

ಹನ್ನೊಂದು ಗಂಟೆ. ಸೋಮನಾಥ ಫೈಲು ಎದೆಗವಚಿಕೊಂಡು ಗಲ್ಲಿಯೊಳಗೆ ಬರುತ್ತಾರೆ. ಧಾರವಾಡದವರು, ಕಂಪನಿಗೆ ಸೇರಿ ಎಂಟು ವರ್ಷ, ಕೆಟ್ಟ ಮನುಷ್ಯರಲ್ಲ. ತಿರುವಿನಲ್ಲಿ ಶಿವಕುಮಾರಿಯ ಕಿಟಕಿಯಿಂದ ಹಲಗೆಯೊಂದು ಹೊರಟಿದ್ದರಿಂದ ಅವರು ಎರಡು ನಿಮಿಷ ಗೋಡೆಗಂಟಿ ನಿಲ್ಲಬೇಕಾಗುತ್ತದೆ. ಶೆಡ್ಡಿನಲ್ಲಿ ಈ ಸಲದ ದೋಣಿಯ ಎಂಬತ್ತು ಪಟ್ಟಿಗಳು ಕಾಫಿಯ ಅಟ್ಟದಿಂದ ಇಳಿದು, ಹೆಸರು ಬರೆಸಿಕೊಂಡು ಸಾಲಾಗಿ ಮಲಗಿವೆ. ಅವನ್ನು ಒಯ್ಯಲು ಧನರಾಜ್ ಬಂದು ನಿಂತಿದ್ದಾರೆ.

“ಚನ್ನವ್ವಾ, ಭಾರಿ ವಿಷಯ ಏನಲ್ಲ. ಫಾರ್ಮ್ಯಾಲಿಟಿ ಐತಿ,” ಎಂದು ಸೋಮನಾಥ ಕಾಗದ ತೆಗೆಯುತ್ತಾರೆ. “ಮತ್ತ ಈ ಹೆಸರು ಎಲ್ಲಾ ಒರಸಿಬಿಡ್ರಿ. ಸ್ಟಿಕರ್ ಕೊಡ್ತಾರ.”

ಚನ್ನವ್ವ ಒದ್ದೆ ಬಟ್ಟೆ ಹಿಂಡಿ ಅವರ ಕೈಗೇ ಕೊಡುತ್ತಾರೆ. “ನನ್ನ ಕೈ ಮಸಿ ಐತ್ರಿ. ನೀವ ಒರಸ್ರಿ.”

ಸೋಮನಾಥ ಮೊದಲ ಪಟ್ಟಿಗೆ ಬಾಗುತ್ತಾರೆ. ಬಾಗಿದವರು ಹಾಗೇ ನಿಲ್ಲುತ್ತಾರೆ. ‘ಎಡ ಸೋಮನಾಥ’. ಪಕ್ಕದಲ್ಲಿ ‘ಬಲ ಸೋಮನಾಥ’.

“ಇದು... ನಂದಾ?”

“ನಿಮ್ದ.”

“ಎಲ್ಲಿ ಬರ್ತೈತಿ ಇದು? ಮ್ಯಾಲೋ?”

“ತಳದಾಗ. ನಡು ಮಧ್ಯ. ಮ್ಯಾಲಿನವರ ಭಾರ ಎಲ್ಲಾ ಇದರ ಮ್ಯಾಲ. ಸಪ್ಪಳ ಮಾಡದ ಮರ ಬೇಕಿತ್ತು.”

ಧನರಾಜ್ ಗೋಡೆಯ ಕಡೆ ತಿರುಗಿ ಕೆಮ್ಮುತ್ತಾರೆ. ಸೋಮನಾಥ ಬಟ್ಟೆಯನ್ನು ಮಡಚಿ ಬಕೆಟ್ಟಿನ ಅಂಚಿಗೆ ಇಡುತ್ತಾರೆ. “ಹೆಸರು ಇರ್ಲಿ. ಧನರಾಜಣ್ಣ ಇದ್ದಾಗ ಹೆಂಗೂ ಉಜ್ಜತಾರ. ನೀವು ಈ ಸಹಿ ಒಂದು ಹಾಕ್ರಿ. ಇಲ್ಲಾಂದ್ರ ಮರ ಭಿವಂಡಿಗೆ ಕಳಸ್ರಿ ಅಂತಾರ. ನನ್ನ ಕೈಯಾಗ ಇಲ್ಲ.”

ತನ್ನ ಹೆಸರು ಉಳಿಸಿಕೊಂಡು, ಎದುರಿನವರ ಹೆಸರು ಕೇಳುವುದು. ಅದನ್ನೂ ಅವರು ನಯವಾಗಿಯೇ ಕೇಳುತ್ತಾರೆ, ಪೆನ್ನಿನ ಮುಚ್ಚಳ ತೆಗೆದು.

ಚನ್ನವ್ವ ಪತ್ರ ತೆಗೆದುಕೊಳ್ಳುತ್ತಾರೆ. ಓದುವುದಿಲ್ಲ, ಧನರಾಜ್ ತಂದುಕೊಟ್ಟ ಪ್ರತಿಯನ್ನು ಮೊದಲೇ ಓದಿ ಆಗಿದೆ. ಕಾಫಿಯ ತಕ್ಕಡಿಯನ್ನು ಬಾಯಿಂದ ಊದಿ, ಅದರ ಮೇಲೆ ಪತ್ರ ಇಡುತ್ತಾರೆ. ಕೆಂಪಂಕಿ ಕುಣಿದು ನಿಲ್ಲುತ್ತದೆ.

“ಐದು ಗ್ರಾಂ,” ಎನ್ನುತ್ತಾರೆ. “ಇದರ ಜೋಡಿ ತಂದೀರೇನ್ರಿ?”

“ಯಾವ ಜೋಡಿ?”

“ಸೀಳಿದವರದು ಎಡಕ್ಕ ಆತು. ಒರಸ್ರಿ ಅಂತ ಹೇಳಿದವರದು ಇನ್ನೊಂದು ಇರಬೇಕಲ್ಲ, ಬಲಕ್ಕ. ಇಷ್ಟ ತೂಕದ್ದು.”

ಸೋಮನಾಥ ಫೈಲಿನೊಳಗೆ ನೋಡುತ್ತಾರೆ, ಅಲ್ಲಿ ಇರಬಹುದೇನೋ ಎಂಬಂತೆ. “ಅಂಥಾದ್ದು ಯಾವುದೂ ಇಲ್ಲ ಚನ್ನವ್ವ.”

ಚನ್ನವ್ವ ಪತ್ರವನ್ನು ತಕ್ಕಡಿಯಿಂದ ಎತ್ತಿ, ಅಂಟಿದ ಕಾಫಿಪುಡಿ ಕೊಡವಿ, ಅವರ ಕೈಗೆ ಹಿಂದಿರುಗಿಸುತ್ತಾರೆ.

“ಹಂಗಾರ ತಗೊಂಡು ಹೋಗ್ರಿ. ಜೋಡಿ ಇಲ್ಲದ್ದು ನಾ ಹೂಡಂಗಿಲ್ಲ.”